ಹೂಂಗುಟ್ಟಪ್ಪ ಹಾಸಿದ ಹುರುಳಿ

ಚಳಿಗಾಲ ಇನ್ನೇನು ಗಂಟುಮೂಟೆ ಕಟ್ಟುತ್ತಿದ್ದ ದಿನಗಳು. ಬೆಳಗಿನ ಎಂಟು ಗಂಟೆ, ಇಬ್ಬನಿ ಆರಿ ಬಿಸಿಲು ಬೆನ್ನಿಗೆ ಹಿತವಾಗಿದ್ದ ಹೊತ್ತು. ಗುಡ್ಡದ ಬುಡದ ಹೊಸ ಟಾರು ರಸ್ತೆಯಲ್ಲಿ ಹೂಂಗುಟ್ಟಪ್ಪನ ಎತ್ತಿನ ಗಾಡಿಯಿಂದ ಹುರುಳಿಯ ಒಂದು ಹೊರೆ ಜಾರಿ ಬಿತ್ತು. ಆಮೇಲೆ ನಡೆದದ್ದಕ್ಕೆಲ್ಲ ಆ ಹೊರೆಯೇ ಕಾರಣ. ಹಗ್ಗ ಬಿಗಿಯಾಗಿ ಕಟ್ಟಿ ಎಂದು ಹೆಂಡತಿ ಹೇಳಿದ್ದಳು. ಅವನು ಹೂಂ ಎಂದಿದ್ದ. ಕಟ್ಟಿರಲಿಲ್ಲ.

ಹೆತ್ತವರು ಇಟ್ಟ ಹೆಸರು ಅವನಿಗೆ ಒಂದಿತ್ತು, ಅದು ಕಾಗದಪತ್ರದಲ್ಲಿ ಮಾತ್ರ ಉಳಿದಿತ್ತು. ಚಿಕ್ಕಂದಿನಲ್ಲಿ ಅಜ್ಜಿಯ ಕಥೆಗೆ ಹೂಂಗುಟ್ಟಲು ಕುಳಿತವನು, ಕಥೆ ಮುಗಿದು ಅಜ್ಜಿ ಗೊರಕೆ ಹೊಡೆಯತೊಡಗಿದರೂ ಹೂಂಗುಟ್ಟುತ್ತಲೇ ಇದ್ದನಂತೆ. ದೊಡ್ಡವನಾದ ಮೇಲೂ ಆ ಅಭ್ಯಾಸ ಅವನನ್ನು ಬಿಡಲಿಲ್ಲ. ನಾಳೆ ನಿನ್ನ ನೊಗ ಬೇಕು ಎಂದು ಒಬ್ಬ ಕೇಳಿದರೆ ಹೂಂ. ಅದೇ ನಾಳೆಗೆ ಅದೇ ನೊಗವನ್ನು ಇನ್ನೊಬ್ಬ ಕೇಳಿದರೂ ಹೂಂ. ಅವನ ಮದುವೆಯೂ ಹೀಗೇ ಆದದ್ದು. ಹೆಣ್ಣಿನ ತಾಯಿ, ನಮ್ಮ ಹುಡುಗಿಗೆ ಮಾತು ಜಾಸ್ತಿ, ಅವಳಪ್ಪ ಕೊಟ್ಟ ರಸ್ತೆ ಬದಿಯ ಹೊಲ ಅವಳ ಹೆಸರಲ್ಲೇ ಇರುತ್ತೆ, ನಾನೂ ನಿಮ್ಮ ಮನೆಗೇ ಬಂದು ಇರ್ತೀನಿ, ಆಗಬಹುದಾ ಎಂದು ಒಂದೇ ಉಸಿರಿಗೆ ಮೂರು ಮಾತು ಕೇಳಿದ್ದಳು. ಒಂದೇ ಹೂಂನಲ್ಲಿ ಮೂರೂ ಇತ್ಯರ್ಥವಾದವು.

ಆದರೆ ಅವನ ಜೀವಮಾನದ ಅತಿ ದೊಡ್ಡ ಹೂಂ ಯಾವುದೆಂದು ಊರಿಗಾಗಲಿ ಹೆಂಡತಿಗಾಗಲಿ ಗೊತ್ತಿರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಊರು ಇದ್ದದ್ದು ಗುಡ್ಡದ ಇಳಿಜಾರಿನಲ್ಲಿ. ಹದಿಮೂರು ಮನೆ. ಒಂದು ಮಂಚ ನಾಲ್ಕೂ ಕಾಲೂರಿ ನಿಲ್ಲುವಂಥ ಸಮತಟ್ಟು ಜಾಗ ಆ ಊರಿನಲ್ಲಿ ಇರಲಿಲ್ಲ. ಎಲ್ಲರ ಮನೆಯಲ್ಲೂ ಮಂಚದ ಎರಡು ಕಾಲಿನ ಕೆಳಗೆ ಹಲಗೆಯ ಚೂರು ಕೊಟ್ಟಿರುತ್ತಿದ್ದರು. ಸಮತಟ್ಟಾಗಿದ್ದದ್ದು ಬುಡದ ಹಾಸುಬಂಡೆ ಒಂದೇ. ಕಾವಲಿಯಂತೆ ನುಣುಪು, ನಾಲ್ಕು ಜೋಡಿ ಎತ್ತು ಒಟ್ಟಿಗೆ ತಿರುಗುವಷ್ಟು ಅಗಲ. ಹದಿಮೂರು ಮನೆಗೂ ಅದೇ ಕಣ. ಒಣಗಿದ ಹುರುಳಿಯನ್ನು ಅಲ್ಲಿ ಹರಡಿ, ನಡುವಿನ ಕುಳಿಯಲ್ಲಿ ಮೇಟಿ ಕಂಬ ನೆಟ್ಟು, ಅದರ ಸುತ್ತ ಎತ್ತುಗಳಿಂದ ತುಳಿಸಿ, ಸಂಜೆಯ ಗಾಳಿಗೆ ತೂರಿದರೆ ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಕಾಳು ಮನುಷ್ಯರಿಗೆ, ಹೊಟ್ಟು ದನಗಳಿಗೆ. ವರ್ಷದಲ್ಲಿ ಎರಡು ತಿಂಗಳು ಈ ಕೆಲಸ. ಉಳಿದ ಹತ್ತು ತಿಂಗಳು ಬಂಡೆಯ ಮೇಲೆ ಓತಿಕ್ಯಾತಗಳು ಬಿಸಿಲು ಕಾಯಿಸುತ್ತಿದ್ದವು.

ಆ ಹತ್ತು ತಿಂಗಳಲ್ಲೊಂದು ದಿನ ಪ್ರವಾಸ ಇಲಾಖೆಯ ಗುಮಾಸ್ತರು ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು ಬಂದರು. ಗುಡ್ಡದ ತುದಿಯಿಂದ ನೋಡಿದರೆ ಸೂರ್ಯ ಕೆರೆಯೊಳಗೆ ಮುಳುಗುವುದು ಬಹಳ ಸೊಗಸಾಗಿ ಕಾಣುತ್ತದೆಂದು ಯಾರೋ ಸರ್ಕಾರಕ್ಕೆ ತಿಳಿಸಿದ್ದರು. ಅದನ್ನು ನೋಡಲು ಜನ ಊರೂರಿಂದ ಬರುತ್ತಾರೆ ಎಂದು ಗುಮಾಸ್ತರು ಹೇಳಿದಾಗ, ಯಾಕೆ, ಅವರ ಊರಲ್ಲಿ ಸೂರ್ಯ ಮುಳುಗಲ್ವಾ ಎಂದು ಹೂಂಗುಟ್ಟಪ್ಪನಿಗೆ ಕೇಳಬೇಕೆನಿಸಿತು. ಕೇಳುವುದು ಅವನ ಸ್ವಭಾವವಲ್ಲ. ಬಂಡೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ.

"ಇದು ಖಾಲಿ ಜಾಗ ತಾನೇ?" ಎಂದರು ಗುಮಾಸ್ತರು.

ಹೂಂಗುಟ್ಟಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಒಂದು ಓತಿಕ್ಯಾತ ಇತ್ತು, ಅದೂ ಹೊರಡುವುದರಲ್ಲಿತ್ತು.

"ಹೂಂ."

ಸ್ಥಳೀಯರನ್ನು ವಿಚಾರಿಸಲಾಗಿ ಖಾಲಿ ಜಾಗವೆಂದು ತಿಳಿದುಬಂದಿದೆ ಎಂದು ಗುಮಾಸ್ತರು ಬರೆದುಕೊಂಡು, ಕೆಳಗೆ ಅವನ ಸಹಿ ಹಾಕಿಸಿಕೊಂಡು, ಕಾಗದವನ್ನು ಚೀಲಕ್ಕೆ ಸೇರಿಸಿದರು. ಅವನು ಸುಳ್ಳು ಹೇಳಿದನೆಂದು ಯಾರೂ ಹೇಳುವ ಹಾಗಿಲ್ಲ. ಅಂದು ಬಂಡೆ ಖಾಲಿಯೇ ಇತ್ತು.

ಹುರುಳಿ ಕೀಳುವ ಹೊತ್ತಿಗೆ ಟಾರು ರಸ್ತೆ ಬಂದಿತ್ತು. ಬಂಡೆಯ ಮೇಲೆ ಬಿಳಿ ಬಣ್ಣದ ಚೌಕಗಳು ಬಿದ್ದಿದ್ದವು. ವಾಹನ ನಿಲುಗಡೆ ಎಂಬ ಹಲಗೆ ನಿಂತಿತ್ತು. ಮೇಟಿ ಕಂಬವನ್ನು ಕಿತ್ತು ಪಕ್ಕಕ್ಕೆ ಎಸೆದಿದ್ದರು. ಎದುರುಮನೆಯ ಬಡಗಿ ಅದನ್ನು ಹೊತ್ತುಕೊಂಡು ಹೋಗಿ ತನ್ನ ಕೊಟ್ಟಿಗೆಯಲ್ಲಿ ಮಲಗಿಸಿದ. ಅದನ್ನು ಕೆತ್ತಿದ್ದು ಅವನಪ್ಪ. ಊರವರು ಹೋಗಿ ವಿಚಾರಿಸಿದರೆ, ಖಾಲಿ ಜಾಗ ಅಂತ ನಿಮ್ಮ ಊರವರೇ ಬರೆದುಕೊಟ್ಟಿದ್ದಾರೆ ಎಂಬ ಉತ್ತರ ಬಂತು. ಯಾರು ಎಂದರೆ, ಅದು ಕಡತದಲ್ಲಿದೆ, ಹೇಳುವ ಹಾಗಿಲ್ಲ ಎಂದರು.

ಅಂದು ಸಂಜೆ ಬಡಗಿ ಎಲ್ಲರ ಮುಂದೆ ಆಣೆ ಇಟ್ಟ. "ಅವನು ಯಾರಾದ್ರೂ ಆಗಿರಲಿ, ಎತ್ತಿನ ಬದಲು ಅವನನ್ನೇ ಮೇಟಿಗೆ ಕಟ್ಟಿ ಹದಿಮೂರು ಮನೆ ಹುರುಳಿ ತುಳಿಸ್ತೀನಿ. ಏನಂತೀಯೋ?"

"ಹೂಂ" ಎಂದ ಹೂಂಗುಟ್ಟಪ್ಪ.

ಹದಿಮೂರು ಮನೆಯ ಹಿತ್ತಲಲ್ಲೂ ಹುರುಳಿಯ ಮೆದೆಗಳು ನಿಂತಿದ್ದವು. ಒಳಗೆ ಇಲಿ ಸಂಸಾರ ಹೂಡಿತ್ತು. ಮೊದಲ ಮಳೆ ಬಿದ್ದರೆ ಕಾಳೆಲ್ಲ ಮೆದೆಯಲ್ಲೇ ಮೊಳಕೆ ಬರುತ್ತದೆ, ಆಮೇಲೆ ಮನುಷ್ಯನಿಗೂ ಇಲ್ಲ, ದನಕ್ಕೂ ಇಲ್ಲ. ಗುಡ್ಡದ ಆಚೆಯ ಊರಿನ ಷಡ್ಡಕನ ಕಣದಲ್ಲಿ ಒಂದು ಗಾಡಿಯಷ್ಟಾದರೂ ತುಳಿಸಿಕೊಂಡು ಬನ್ನಿ ಎಂದು ಹೆಂಡತಿ ಅಟ್ಟಿದ್ದರಿಂದಲೇ ಅವನು ಅಂದು ಬೆಳಿಗ್ಗೆ ಗಾಡಿ ಹೂಡಿಕೊಂಡು ಹೊರಟದ್ದು, ಹೊರೆ ಬಿದ್ದದ್ದು.

ಎತ್ತಿಕೊಳ್ಳಲು ಇಳಿಯುವಷ್ಟರಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಬೆಳಿಗ್ಗೆಯೇ ಬಂದ ಯಾರದೋ ಕಾರು ಅದರ ಮೇಲೆ ಹಾದುಹೋಯಿತು. ಹಿಂದೆ ಇನ್ನೊಂದು ಹೋಯಿತು. ಹೂಂಗುಟ್ಟಪ್ಪ ಬಗ್ಗಿ ನೋಡಿದ. ಕಾಯೆಲ್ಲ ಒಡೆದು ಕಾಳು ಟಾರಿನ ಮೇಲೆ ಮುತ್ತಿನಂತೆ ಬಿದ್ದಿತ್ತು. ಎರಡು ಎತ್ತು ಒಂದು ಗಂಟೆ ತುಳಿಯುವುದನ್ನು ಎರಡು ಕಾರು ಎರಡು ಕ್ಷಣದಲ್ಲಿ ಮಾಡಿ, ಸಗಣಿಯನ್ನೂ ಹಾಕದೆ ಹೋಗಿದ್ದವು.

ಅವನು ಜೀವನದಲ್ಲಿ ತಾನಾಗಿ ಯೋಚಿಸಿ ಮಾಡಿದ ಕೆಲಸಗಳು ಕಡಿಮೆ. ಇದು ಅವುಗಳಲ್ಲೊಂದು. ಇಡೀ ಗಾಡಿಯ ಹುರುಳಿಯನ್ನು ರಸ್ತೆಯ ಉದ್ದಕ್ಕೂ ಹಾಸಿ, ಬದಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತ.

ಮುಂದಿನ ಕಾರು ಬಂತು. ಹುಲ್ಲಿನ ಮೇಲೆ ಚಕ್ರ ಜಾರಿ, ನಿಧಾನವಾಗಿ, ಬಹಳ ಘನತೆಯಿಂದ ಅರ್ಧ ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಒಳಗೆ ಪ್ರವಾಸ ಇಲಾಖೆಯ ಸಾಹೇಬರಿದ್ದರು. ಮುಂದಿನ ಸೀಟಿನಲ್ಲಿ ಚೀಲ ಅಪ್ಪಿಕೊಂಡು ಗುಮಾಸ್ತರಿದ್ದರು.

ರಸ್ತೆಯ ಮೇಲೆ ಕಸಕಡ್ಡಿ ಇರದಂತೆ ನೋಡಿಕೊಳ್ಳುವುದು ಗುಮಾಸ್ತರ ಜವಾಬ್ದಾರಿ. ಸಾಹೇಬರು ಇಳಿದು, ಏನಿದು ಎಂದು ಕೇಳಿದಾಗ ಗುಮಾಸ್ತರು ಚೀಲದ ಸಮೇತ ಹಿಂದೆಯೇ ಇಳಿದರು. ಮನುಷ್ಯನಿಗೆ ಇಂಥ ಹೊತ್ತಿನಲ್ಲಿ ಏನಾದರೂ ಹೊಳೆಯುತ್ತದೆ.

"ಸ್ವಾಗತ ಸಾರ್. ದೊಡ್ಡವರು ಬಂದಾಗ ಈ ಊರಲ್ಲಿ ದಾರಿಗೆ ಹಾಸು ಹಾಸ್ತಾರೆ" ಎಂದವರೇ ಹೂಂಗುಟ್ಟಪ್ಪನ ಕಡೆ ತಿರುಗಿ, "ಅಲ್ವೇನಯ್ಯಾ?" ಎಂದರು.

ಹೂಂಗುಟ್ಟಪ್ಪನ ಕಣ್ಣು ಚೀಲದ ಮೇಲಿತ್ತು. ತನ್ನ ಸಹಿ ಆ ಚೀಲದೊಳಗಿತ್ತು. "ಹೂಂ."

"ಹಿಂದಿನಿಂದಲೂ ಹೀಗೇನಾ?"

"ಹೂಂ."

"ಎಷ್ಟು ವರ್ಷದಿಂದ?"

ಇದಕ್ಕೆ ಹೂಂ ಎನ್ನಲು ಬರುವುದಿಲ್ಲ. ಹೂಂಗುಟ್ಟಪ್ಪ ಬೆವರಿದ. ಗುಮಾಸ್ತರೇ ಕೈಹಿಡಿದರು. ಮುನ್ನೂರು ವರ್ಷವಾದರೂ ಆಗಿರಬೇಕು ಸಾರ್ ಎಂದರು. ಅದಕ್ಕೆ ಹೂಂ ಎನ್ನಬಹುದಿತ್ತು, ಎಂದ.

ಸಾಹೇಬರು ಬೂಟು ಕಳಚಿ ಹಾಸಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದರು. ಕಾಲಡಿಯಲ್ಲಿ ಕಾಯಿಗಳು ಚಟಚಟ ಒಡೆದವು. ಅವರ ಕಣ್ಣಲ್ಲಿ ನೀರು ಬಂತು. ಹುರುಳಿಯ ದೂಳಿಗೆ ಯಾರ ಕಣ್ಣಲ್ಲಾದರೂ ನೀರು ಬರುತ್ತದೆ, ಸಾಹೇಬರು ಅದನ್ನು ಹೃದಯ ತುಂಬಿ ಬಂದದ್ದೆಂದು ತಿಳಿದರು. ಇನ್ನು ಪ್ರತಿ ಭಾನುವಾರ ಪ್ರವಾಸಿಗರಿಗೆಲ್ಲ ಈ ಸ್ವಾಗತ ಸಿಗಬೇಕು, ನಡೆಸಿಕೊಡ್ತೀಯಾ ಎಂದು ಕೇಳಿದರು. ಅವನು ಏನೆಂದನೆಂದು ಬೇರೆ ಹೇಳಬೇಕಾಗಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. "ಮುನ್ನೂರು ವರ್ಷ ಅಂದ್ರೆ ಹೂಂ ಅಂದ್ರಾ? ರಸ್ತೆ ಬಂದು ಇನ್ನೂ ಆರು ತಿಂಗಳಾಗಿಲ್ಲ."

ಅತ್ತೆ ಮಾತ್ರ ಅವನು ಬಾಚಿ ತಂದ ಕಾಳಿನ ಮೂಟೆಗೆ ಕೈಹಾಕಿ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಉಜ್ಜಿ, ಊದಿ, ಕಣ್ಣಿನ ಹತ್ತಿರ ತಂದು ನೋಡುತ್ತಿದ್ದಳು. ಒಂದು ಒಡಕು ಕಾಳಿಲ್ಲ, ಒಂದು ಕಲ್ಲಿಲ್ಲ.

"ಅಳಿಯಂದ್ರೇ, ಇದನ್ನ ತುಳಿದದ್ದು ಯಾರು?"

"ಸಾಹೇಬ್ರು."

"ಮತ್ತೆ ಯಾವಾಗ ಬರ್ತಾರೆ?"

ಮೊದಲ ಭಾನುವಾರಕ್ಕೆ ರಸ್ತೆಯ ಬದಿಯಲ್ಲಿ ಹಲಗೆ ಎದ್ದಿತ್ತು: ಪಾರಂಪರಿಕ ಸ್ವಾಗತದ ಹಾಸು, ಮುನ್ನೂರು ವರ್ಷದ ಇತಿಹಾಸ. ಊರವರು ಅದರ ಸುತ್ತ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮಧ್ಯಾಹ್ನದೊಳಗೆ ಬಡಗಿಯ ಮೆದೆಯ ಮುಕ್ಕಾಲು ಪಾಲು ತುಳಿದಾಗಿ ಕಾಳು ಬಿಟ್ಟ ಮೇಲೆ ಯಾರೂ ನಗಲಿಲ್ಲ. ಪ್ರವಾಸಿಗರು ಕಾರಿನಲ್ಲಿ ಹಾಸಿನ ಮೇಲೆ ಹೋಗುವರು, ತುದಿಯಲ್ಲಿ ತಿರುಗಿಸಿ ಮತ್ತೆ ಬರುವರು, ಆಮೇಲೆ ಇಳಿದು ಬರಿಗಾಲಲ್ಲಿ ಕುಣಿಯುವರು, ಫೋಟೊ ಹಿಡಿಯುವರು, ಫೋಟೊ ಸರಿಬಾರದಿದ್ದರೆ ಮತ್ತೆ ಕುಣಿಯುವರು. ಬಸ್ಸನ್ನು ಮಾತ್ರ ಬಡಗಿ ಕೈಯಡ್ಡ ಹಿಡಿದು ಪಕ್ಕದಲ್ಲಿ ಕಳಿಸುತ್ತಿದ್ದ. ಬಸ್ಸು ಹಾದರೆ ಕಾಳು ಬೇಳೆಯಾಗುತ್ತದೆ.

ಅತ್ತೆ ರಸ್ತೆಯ ಬದಿಯಲ್ಲಿ ಮಣೆ ಹಾಕಿಕೊಂಡು, ಕೈಯಲ್ಲಿ ಉದ್ದನೆಯ ಕೋಲು ಹಿಡಿದು, ಕಣದ ಯಜಮಾನಿಕೆ ವಹಿಸಿದಳು. ಎತ್ತುಗಳ ಗುಣ ಬಲ್ಲವಳಿಗೆ ಪ್ರವಾಸಿಗರ ಗುಣ ತಿಳಿಯುವುದು ಕಷ್ಟವಾಗಲಿಲ್ಲ. "ಆ ದಪ್ಪನೆಯ ಯಜಮಾನ್ರನ್ನ ಈ ಮೂಲೆಗೆ ಕಳಿಸು, ಇಲ್ಲಿ ಕಾಯಿ ಗಟ್ಟಿ ಇದೆ" ಎನ್ನುವಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಕೈ ಕೈ ಹಿಡಿದು ನಿಧಾನವಾಗಿ ನಡೆಯುತ್ತಿದ್ದುದನ್ನು ನೋಡಿ, "ನೋಡೇ, ಹೆಜ್ಜೆ ಎಷ್ಟು ಸರಿಯಾಗಿ ಕೂಡುತ್ತೆ. ನಮ್ಮ ಎತ್ತಿಗೆ ಈ ಬುದ್ಧಿ ಯಾವಾಗ ಬರುತ್ತೋ" ಎಂದು ಮಗಳಿಗೆ ಹೇಳಿದಳು. ಆ ಜೋಡಿ ತಮ್ಮನ್ನು ಹರಸುತ್ತಿದ್ದಾರೆಂದು ತಿಳಿದು ಅವಳ ಕಾಲಿಗೆ ಬಿದ್ದು ಹೋದರು.

ಸಂಜೆ ಗಾಳಿ ಎದ್ದಾಗ ಊರಿನ ಹೆಂಗಸರು ಮೊರ ಎತ್ತಿ ತೂರತೊಡಗಿದರು. ಇದೇನು ಎಂದು ಪ್ರವಾಸಿಗರು ಬಂದು ಗಾಳಿಗೆ ಅಡ್ಡ ನಿಂತರು. ಅಡ್ಡ ನಿಂತರೆ ಹೊಟ್ಟು ಹಾರುವುದಿಲ್ಲ. ಬಡಗಿ ಮುಂದೆ ಬಂದು, ಆ ಕಡೆಗೆ ಹೋಗಿ ನಿಂತು ಮೈಮೇಲೆ ಬೀಳಿಸಿಕೊಂಡವರಿಗೆ ಆಯುಸ್ಸು ಜಾಸ್ತಿ ಎಂದು ಗಂಭೀರವಾಗಿ ಹೇಳಿದ. ಎಲ್ಲರೂ ಓಡಿಹೋಗಿ ಹೊಟ್ಟಿನ ಕೆಳಗೆ ನಿಂತರು. ಸೀನಿದರು, ಮೈ ಪರಪರ ಕೆರೆದುಕೊಂಡರು, ಇಂಥ ಅನುಭವ ಜೀವಮಾನದಲ್ಲೇ ಆಗಿರಲಿಲ್ಲವೆಂದು ಹೇಳಿದರು. ಸೂರ್ಯ ಆ ಹೊತ್ತಿಗೆ ಕೆರೆಯಲ್ಲಿ ಮುಳುಗಿಯೂ ಆಗಿತ್ತು, ಯಾರೂ ನೋಡಲಿಲ್ಲ.

ಹೂಂಗುಟ್ಟಪ್ಪನ ಮರ್ಯಾದೆ ಊರಿನಲ್ಲಿ ಏರಿತು. ಎದುರಿಗೆ ಸಿಕ್ಕವರು ನಿಂತು ಮಾತಾಡಿಸತೊಡಗಿದರು. ಒಂದು ದಿನ ಬಡಗಿ ಅವನ ಹೆಗಲ ಮೇಲೆ ಕೈ ಹಾಕಿ, "ನೀನು ಇಷ್ಟು ಬುದ್ಧಿವಂತ ಅಂತ ಗೊತ್ತೇ ಇರ್ಲಿಲ್ಲ ಮಾರಾಯ. ಬಂಡೆ ಕೊಟ್ಟವನು ಸಿಗಲಿ, ಅವನ ಕೊರಳಿಗೆ ಮೊದಲ ಹಗ್ಗ ನೀನೇ ಹಾಕಬೇಕು" ಎಂದ.

"ಹೂಂ" ಎಂದ ಹೂಂಗುಟ್ಟಪ್ಪ, ಕೊರಳು ಸವರಿಕೊಂಡು.

ಮೂರು ಭಾನುವಾರದಲ್ಲಿ ಹನ್ನೆರಡು ಮನೆಯ ಮೆದೆ ಕರಗಿತು. ಹದಿಮೂರನೆಯದು ನಿಂತೇ ಇತ್ತು. ಅದು ಅವನದು. ಈ ವಾರ ನನ್ನದು ಹಾಕ್ಲಾ ಎಂದು ಯಾರೇ ಬಂದು ಕೇಳಿದರೂ ಅವನು ಹೂಂ ಎಂದಿದ್ದ. ಹೆಂಡತಿ ಮೂರು ದಿನ ಮಾತು ಬಿಟ್ಟಳು. ಹೆಚ್ಚು ಮಾತಾಡುವ ಹೆಂಗಸು ಮಾತು ಬಿಟ್ಟರೆ ಮನೆಯಲ್ಲಿ ಪಾತ್ರೆಗಳೇ ಮಾತಾಡತೊಡಗುತ್ತವೆ. ನಾಲ್ಕನೆಯ ದಿನ ಅವಳು ಒಂದೇ ಮಾತು ಹೇಳಿದಳು: ಬರುವ ಭಾನುವಾರ ನಮ್ಮದು, ಮೋಡ ಆಗಲೇ ಕಟ್ಟತೊಡಗಿದೆ.

ಬರುವ ಭಾನುವಾರಕ್ಕೆ ಬೇರೆಯದೂ ಒಂದು ನಿಗದಿಯಾಗಿತ್ತು. ರಾಜಧಾನಿಯಿಂದ ದೊಡ್ಡ ಸಾಹೇಬರು ಬಂದು ಬಂಡೆಯ ಸುತ್ತ ಕಬ್ಬಿಣದ ಬೇಲಿ ಹಾಕಿಸಿ, ಬೀಗದ ಗೇಟು ಉದ್ಘಾಟನೆ ಮಾಡುವವರಿದ್ದರು. ಗೇಟು ಬಿದ್ದರೆ ಕಣ ಶಾಶ್ವತವಾಗಿ ಹೋದ ಹಾಗೆ ಎಂದು ಊರು ಮಂಕಾಯಿತು. ರಸ್ತೆಯ ಆಟ ಎಷ್ಟು ವರ್ಷ ನಡೆದೀತು, ಪ್ರವಾಸಿಗರಿಗೆ ಕೆರೆತ ನೆನಪಾದ ದಿನ ನಿಲ್ಲುತ್ತದೆ ಎಂದಳು ಅತ್ತೆ. ಗುಮಾಸ್ತರು ಮಾತ್ರ ಓಡೋಡಿ ಬಂದು, ದೊಡ್ಡ ಸಾಹೇಬರಿಗೆ ಹಾಸು ದಪ್ಪಗಿರಬೇಕು, ಒಂದು ಮೆದೆ ಎಲ್ಲಿಗೂ ಸಾಲದು, ಇನ್ನೂ ತರಿಸ್ತೀಯಾ ಎಂದರು. ಹೂಂ ಎಂದ.

ಹೇಗೆ ತರಿಸುವುದೆಂದು ಅವನು ಯೋಚಿಸುವುದರೊಳಗೆ ಷಡ್ಡಕ ಬಂದು ಕೂತಿದ್ದ. ನಿಮ್ಮೂರಲ್ಲಿ ಸಾಹೇಬ್ರುಗಳೇ ಹುರುಳಿ ತುಳಿದುಕೊಡ್ತಾರಂತೆ, ನಮ್ಮದೂ ತರ್ಲಾ ಎಂದು ಕೇಳಿದ. ಹೂಂ ಎಂದ. ಅವನ ಹಿಂದೆ ಕೆರೆಯಾಚೆಯವರು ಕೇಳಿದರು, ಮೇಲಿನ ಹಳ್ಳಿಯವರು ಕೇಳಿದರು.

ಭಾನುವಾರ ಬೆಳಿಗ್ಗೆ ಊರು ಎದ್ದು ನೋಡಿದಾಗ ರಸ್ತೆ ಕಾಣಲಿಲ್ಲ. ಹತ್ತೊಂಬತ್ತು ಗಾಡಿ, ಆರು ಟ್ರ್ಯಾಕ್ಟರು, ನಾಲ್ಕು ಊರಿನ ಹುರುಳಿ. ಸೊಂಟದ ಮಟ್ಟ ಹಾಸು. ಯಾರ ಹುರುಳಿ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಗುತ್ತದೆಂದು ನಾಲ್ಕು ಊರಿನವರು ಜಗಳ ಕಾಯುತ್ತ, ನಡುನಡುವೆ ಕಲ್ಲಿಟ್ಟು ಗುರುತು ಮಾಡುತ್ತಿದ್ದರು. ಹೂಂಗುಟ್ಟಪ್ಪನ ಹೆಂಡತಿ ತನ್ನ ಹುರುಳಿಯ ಮೇಲೆಯೇ ಕುಳಿತುಬಿಟ್ಟಿದ್ದಳು.

ದೊಡ್ಡ ಸಾಹೇಬರ ಕಾರು ಬಂತು. ಒಳ್ಳೆಯ ಕಾರು, ನೆಲಕ್ಕೆ ಬಹಳ ಹತ್ತಿರವಾಗಿತ್ತು. ಅದು ಹಾಸಿನೊಳಗೆ ಹೊಕ್ಕು, ಮುಳುಗಿ, ಹುಲ್ಲಿನ ಸುರುಳಿಗಳನ್ನೆಲ್ಲ ಚಕ್ರದ ಸುತ್ತ ಸೀರೆಯಂತೆ ಸುತ್ತಿಕೊಂಡು, ಒಂದು ಸಲ ನರಳಿ ನಿಂತಿತು. ಹಿಂದಿನ ಎಂಟು ಕಾರುಗಳೂ ಅದೇ ಗೌರವ ಪಡೆದವು. ಕೊನೆಗೆ ದೊಡ್ಡ ಸಾಹೇಬರು ಕಿಟಕಿಯಿಂದಲೇ ಇಳಿದು, ಈಜುವವರಂತೆ ಕೈ ಆಡಿಸುತ್ತ, ಸಿಕ್ಕ ಮೊದಲ ಗಟ್ಟಿ ನೆಲವನ್ನು ಹತ್ತಿ ನಿಂತರು. ಅದು ಬಂಡೆ.

ಅವರಿಗೆ ಸಿಟ್ಟು ಬಂದಿರಲಿಲ್ಲ. ಇಷ್ಟು ದಪ್ಪ ಸ್ವಾಗತ ಅವರಿಗೆ ಎಲ್ಲಿಯೂ ಸಿಕ್ಕಿರಲಿಲ್ಲ. ಆದರೆ ರಸ್ತೆಯ ಮೇಲೆ ಹಾಸಿದರೆ ಅಪಾಯವಲ್ಲವೇ, ಬೇರೆ ಎಲ್ಲಾದರೂ ಸಮತಟ್ಟು ಜಾಗ ಇಲ್ಲವೇ ಎಂದು ಕೇಳಿದರು. ಈ ಬಂಡೆ ಒಂದಿದೆ ಸಾರ್, ಆದರೆ ಇದಕ್ಕೆ ಇವತ್ತು ಬೇಲಿ ಹಾಕ್ತೀವಿ, ಖಾಲಿ ಬಿದ್ದಿದ್ದ ಜಾಗ ಎಂದರು ಸಾಹೇಬರು. ದೊಡ್ಡ ಸಾಹೇಬರು ಎದುರಿಗೆ ಕಂಡವನ ಕಡೆ ತಿರುಗಿದರು. ಎದುರಿಗೆ ಹೂಂಗುಟ್ಟಪ್ಪ ನಿಂತಿದ್ದ.

"ಏನಪ್ಪಾ, ಇದು ಖಾಲಿ ಜಾಗ ತಾನೇ?"

ನಾಲ್ಕು ಊರಿನವರು ಜಗಳ ನಿಲ್ಲಿಸಿದರು. ಗುಮಾಸ್ತರು ಚೀಲ ಅಪ್ಪಿಕೊಂಡರು. ಹೂಂಗುಟ್ಟಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಬಿಳಿ ಚೌಕಗಳ ನಡುವೆ ಮೇಟಿಯ ಕುಳಿ ಬಾಯಿ ಬಿಟ್ಟುಕೊಂಡಿತ್ತು. ಆಚೆ ಹುರುಳಿಯ ಮೇಲೆ ಕುಳಿತ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನ ಬಾಯಿ ಅಭ್ಯಾಸದಂತೆ ಹೂಂ ಎನ್ನಲು ಮುಚ್ಚಿಕೊಂಡಿತು, ಆದರೆ ಒಳಗಿನಿಂದ ಬಂದದ್ದು ಬೇರೆ.

"ಊಹೂಂ."

ಊರಿಗೆ ಆ ಸದ್ದಿನ ಪರಿಚಯ ಇರಲಿಲ್ಲ. ಅವನಿಗೇನೋ ಆಯಿತೆಂದು ಒಬ್ಬರು ನೀರು ತರಲು ಓಡಿದರು.

"ಇದು ಕಣ. ಹದಿಮೂರು ಮನೇದು" ಎಂದ ಹೂಂಗುಟ್ಟಪ್ಪ.

ಗುಮಾಸ್ತರಿಗೆ ತಮ್ಮ ತಲೆ ಉಳಿಸಿಕೊಳ್ಳಬೇಕಿತ್ತು. ಚೀಲ ಬಿಚ್ಚಿ ಕಾಗದ ತೆಗೆದು, ಖಾಲಿ ಜಾಗವೆಂದು ಇವರೇ ಸಹಿ ಮಾಡಿದ್ದಾರೆ ಸಾರ್ ಎಂದು ಎಲ್ಲರಿಗೂ ಕೇಳುವ ಹಾಗೆ ಓದಿಬಿಟ್ಟರು.

ಬಡಗಿ ನೇರ ಕೊಟ್ಟಿಗೆಗೆ ಹೋಗಿ, ಮೇಟಿ ಕಂಬವನ್ನು ಹೆಗಲ ಮೇಲೆ ಹೊತ್ತು ತಂದು, ಕುಳಿಯಲ್ಲಿ ಇಳಿಸಿ, ಎರಡು ಬೆಣೆ ಹೊಡೆದು, ಹಗ್ಗ ಬಿಗಿದು, ಅದರ ತುದಿಯನ್ನು ಹೂಂಗುಟ್ಟಪ್ಪನ ಕೈಗೆ ಕೊಟ್ಟ. "ಮೊದಲ ಹಗ್ಗ ನೀನೇ ಹಾಕಬೇಕು ಅಂದಾಗ ಹೂಂ ಅಂದಿದ್ದೆ."

ಹೂಂಗುಟ್ಟಪ್ಪ ತಾನೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಈ ಸಲ ಬಿಗಿಯಾಗಿ ಕಟ್ಟಿದ. ನಾಲ್ಕು ಊರಿನವರು ರಸ್ತೆಯ ಹುರುಳಿಯನ್ನೆಲ್ಲ ಬಾಚಿ ಬಂಡೆಯ ಮೇಲೆ ಸುರಿದರು. ಅವನು ತುಳಿಯತೊಡಗಿದ. ಎರಡು ಸುತ್ತಿಗೆ ಏದುಸಿರು ಬಂತು. ಅತ್ತೆ ಮಣೆ ಎಳೆದುಕೊಂಡು ಬಂದು ಕುಳಿತು, "ಅಳಿಯಂದ್ರೇ, ಕಾಲು ಎತ್ತಿ ಹಾಕಿ, ಒಳಸುತ್ತಿನಲ್ಲಿ ಕಾಯಿ ಹಾಗೇ ಇದೆ" ಎಂದು ಕೋಲು ಬಡಿದಳು. ಮೂರನೆಯ ಸುತ್ತಿಗೆ ಹೆಂಡತಿ ಎದ್ದು ಬಂದು ಹಗ್ಗ ಹಿಡಿದು ಪಕ್ಕದಲ್ಲಿ ನಡೆಯತೊಡಗಿದಳು. ನಿಮ್ಮನ್ನ ಆಮೇಲೆ ನೋಡ್ಕೋತೀನಿ, ಮೊದಲು ನಮ್ಮ ಹುರುಳಿ ತುಳೀರಿ ಎಂದು ಗೊಣಗಿದಳಂತೆ.

ಹಿಂದೆ ಸಾಲುಗಟ್ಟಿ ನಿಂತ ವಾಹನಗಳಿಂದ ಇಳಿದ ಪ್ರವಾಸಿಗರು ಇದನ್ನು ಸ್ವಾಗತದ ಮುಂದಿನ ಭಾಗವೆಂದು ತಿಳಿದರು. ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು ಹಿಂದೆ ಸೇರಿಕೊಂಡರು. ನೂರು ಜನ ಮೇಟಿಯ ಸುತ್ತ ತಿರುಗತೊಡಗಿದರು. ಬಂಡೆ ನಡುಗಿತು. ಸಾಹೇಬರೂ ಸುಮ್ಮನಿರಲಾಗದೆ ಇಳಿದರು. ಕೊನೆಗೆ ದೊಡ್ಡ ಸಾಹೇಬರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಹೂಂಗುಟ್ಟಪ್ಪನ ಹಿಂದೆಯೇ ಹೆಜ್ಜೆ ಹಾಕಿದರು. ಒಂಬತ್ತು ಸುತ್ತು. ಹತ್ತನೆಯದಕ್ಕೆ ತಲೆ ಸುತ್ತಿ ಹುರುಳಿಯ ಮೇಲೆ ಕುಳಿತು, ಅಂಗೈಯಲ್ಲಿ ಕಾಳು ನೋಡುತ್ತ ನಕ್ಕರು. ಅತ್ತೆ ಗುಮಾಸ್ತರನ್ನೂ ಕೋಲಿನಿಂದ ತೋರಿಸಿ, ಆ ಚೀಲದವರು ಯಾಕೆ ಸುಮ್ಮನೆ ನಿಂತಿದ್ದಾರೆ ಎಂದಳು. ಗುಮಾಸ್ತರೂ ತುಳಿದರು, ಚೀಲದ ಸಮೇತ.

ಇಷ್ಟಾದ ಮೇಲೆ ಇದು ಕಣವಲ್ಲವೆಂದು ಹೇಳುವ ಬಾಯಿ ಯಾವ ಇಲಾಖೆಯಲ್ಲೂ ಇರಲಿಲ್ಲ. ಬೇಲಿ ಬೇಡ, ಗೇಟು ಬೇಡ, ಬಂಡೆ ಊರಿನದೇ ಎಂದು ದೊಡ್ಡ ಸಾಹೇಬರು ಕೂತಲ್ಲೇ ಆಜ್ಞೆ ಮಾಡಿದರು. ಹದಿಮೂರು ಮನೆಯವರು ಸೇರಿ ಹೂಂಗುಟ್ಟಪ್ಪನನ್ನು ಹಗ್ಗದಿಂದ ಬಿಡಿಸಿದರು. ಬಡಗಿಯೇ ಅವನ ಕಾಲು ತಿಕ್ಕಿದ.

ಕಥೆ ಇಲ್ಲಿ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ದೊಡ್ಡ ಸಾಹೇಬರು ಹೊರಡುವ ಮೊದಲು, ಹಾಗಾದರೆ ವಾಹನ ಎಲ್ಲಿ ನಿಲ್ಲಿಸುವುದು ಎಂದು ಸುತ್ತ ನೋಡಿ, ರಸ್ತೆ ಬದಿಯ ಬೋಳು ಹೊಲ ತೋರಿಸಿ ಯಾರದು ಎಂದರು. ಎಲ್ಲರೂ ಹೂಂಗುಟ್ಟಪ್ಪನ ಕಡೆ ನೋಡಿದರು.

"ಅದು ಖಾಲಿ ತಾನೇ?"

ಹುರುಳಿ ಕಿತ್ತಾಗಿತ್ತು. ಒಂದು ಗರಿಕೆಯೂ ಇರಲಿಲ್ಲ. ಹೂಂಗುಟ್ಟಪ್ಪ ಬಹಳ ದಣಿದಿದ್ದ.

"ಹೂಂ."

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಗುಮಾಸ್ತರು ಹೊಟ್ಟು ಕೊಡವಿ ಹೊಸ ಕಾಗದ ತೆಗೆದರು.

ಬೇಸಿಗೆಯ ಎರಡು ತಿಂಗಳು ಆ ಹೊಲದಲ್ಲೂ ಬಿಳಿ ಚೌಕಗಳು ಬಿದ್ದು, ಕಾರುಗಳು ನಿಂತವು. ಹೆಂಡತಿ ಬಾಗಿಲಲ್ಲಿ ಕುಳಿತು ಆಕಾಶ ನೋಡುತ್ತಿದ್ದಳು. ಒಂದು ಸೋಮವಾರ ಮಧ್ಯಾಹ್ನ ಮಳೆ ಬಂತು. ಮಂಗಳವಾರ ಬೆಳಿಗ್ಗೆ ಅವಳೇ ಎತ್ತು ಹೂಡಿ, ಬಿಳಿ ಚೌಕಗಳ ಮೇಲೆಯೇ ನೇಗಿಲು ಹೊಡೆದು, ಎಲ್ಲವನ್ನೂ ಮಗುಚಿ ಹಾಕಿದಳು.

ಮೂರು ವಾರ ಕಳೆದು ಒಂದು ಗುರುವಾರ ಗುಮಾಸ್ತರು ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡು ಬಂದರು. ಕಾಗದ ಹಿಡಿದು, ಖಾಲಿ ಎಂದು ಯಜಮಾನರು ಸಹಿ ಹಾಕಿದ್ದಾರಲ್ಲಮ್ಮಾ ಎಂದರು.

"ಅವರು ಯಾವುದಕ್ಕೆ ಹೂಂ ಅಂದಿಲ್ಲ ಹೇಳಿ. ಹೊಲ ನನ್ನ ಹೆಸರಲ್ಲಿದೆ. ನನ್ನನ್ನ ಯಾರು ಕೇಳಿದ್ರು?"

ಗುಮಾಸ್ತರು ಹೂಂಗುಟ್ಟಪ್ಪನ ಕಡೆ ತಿರುಗಿ, ಹೌದಾ ಎಂದರು.

"ಹೂಂ" ಎಂದ ಅವನು, ಇದುವರೆಗಿನ ಎಲ್ಲ ಹೂಂಗಳಿಗಿಂತ ನೆಮ್ಮದಿಯಾಗಿ.

ಗುಮಾಸ್ತರು ಜಗಲಿಯ ಮೇಲೆ ಕುಸಿದು ಕುಳಿತು ತಮ್ಮ ಕಷ್ಟ ಹೇಳಿಕೊಂಡರು. ಕಾರಿನ ಚಕ್ರಗಳಿಗೆ ಅಂಟಿ ಹೋದ ಹುರುಳಿ ಪಟ್ಟಣದವರೆಗೂ ರಸ್ತೆಯ ಎರಡೂ ಬದಿಗೆ ಮೊಳಕೆ ಒಡೆದಿದೆಯಂತೆ. ಇಲಾಖೆಯ ಅಂಗಳದಲ್ಲಿ ಸಾಹೇಬರ ಕಾರು ನಿಲ್ಲುವ ಜಾಗದಲ್ಲೇ ಒಂದು ಪಾತಿ ಎದ್ದಿದೆಯಂತೆ. ಇದೇನೆಂದು ಸಾಹೇಬರು ಕೇಳಿದಾಗ, ಹಾಸು ಸಾರ್, ತಮ್ಮ ಹಿಂದೆಯೇ ಬಂದಿದೆ ಎಂದು ಇವರು ಹೇಳಿದರಂತೆ. ಈ ಸಲ ಸಾಹೇಬರಿಗೆ ಹೃದಯ ತುಂಬಿ ಬರಲಿಲ್ಲ. ಗುಮಾಸ್ತರಿಗೆ ಕಿಟಕಿಯಿಲ್ಲದ ಕಡತದ ಕೋಣೆಗೆ ವರ್ಗವಾಗಿತ್ತು, ಈ ಹೊಲವೇ ಅವರ ಕೊನೆಯ ತಿರುಗಾಟ. ನಾನೂ ನಿಮ್ಮ ಹಾಗೇ, ಮೇಲಿನವರು ಕೇಳಿದ್ದಕ್ಕೆಲ್ಲ ಹೌದು ಸಾರ್ ಅಂದುಕೊಂಡೇ ಇಷ್ಟು ವರ್ಷ ಬಂದೆ ಎಂದರು ಗುಮಾಸ್ತರು. ಅತ್ತೆ ಒಳಗೆ ಹೋಗಿ, ದೊಡ್ಡ ಸಾಹೇಬರು ತುಳಿದ ಹುರುಳಿಯಲ್ಲಿ ಎರಡು ಸೇರು ಅವರ ಚೀಲಕ್ಕೆ ಸುರಿದಳು. ಕಾಗದಗಳನ್ನು ತೆಗೆದು ಪಕ್ಕಕ್ಕಿಟ್ಟಳು, ಒಲೆ ಹಚ್ಚಲು ಬರುತ್ತದೆಂದು.

ಮರುದಿನ ಬೆಳಗಿನ ಬಸ್ಸಿಗೆ ಅವರನ್ನು ಹತ್ತಿಸಲು ಹೂಂಗುಟ್ಟಪ್ಪನೇ ರಸ್ತೆಯವರೆಗೆ ಹೋದ. ಎರಡೂ ಬದಿಯಲ್ಲಿ ಹುರುಳಿ ಒಂದು ಗೇಣು ಹಸಿರಾಗಿ ನಿಂತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟ ಗುಮಾಸ್ತರು ತಿರುಗಿ, ನನ್ನ ಮೇಲೆ ಏನಾದರೂ ಕೋಪ ಇದೆಯಾ ಎಂದು ಕೇಳಿದರು.

ಹೂಂಗುಟ್ಟಪ್ಪ ಹುರುಳಿಯ ಚೀಲವನ್ನು ಎತ್ತಿ ಅವರ ಕೈಗೆ ಕೊಟ್ಟ.

"ಊಹೂಂ."

ಅದು ಅವನ ಜೀವನದ ಎರಡನೆಯ ಊಹೂಂ. ಬಸ್ಸು ಹೊರಟಿತು, ಗುಮಾಸ್ತರು ಹೋದರು. ಅಂದು ಶುಕ್ರವಾರ.